ಅಸ್ತರಿನ ಮೇಲೆ ಒಂದು ಕಲೆ

ಬೋಳಾರದ ನನ್ನ ಅಂಗಡಿಯ ಶಟರಿಗೆ
ಎಣ್ಣೆ ಹಾಕದೆ ಎರಡು ವರ್ಷ.
ಎಳೆದರೆ ಅರ್ಧಕ್ಕೆ ಸಿಕ್ಕಿ ನಿಲ್ಲುತ್ತಿತ್ತು,
ಮತ್ತೆ ಒಮ್ಮೆಲೇ ಬೀಳುತ್ತಿತ್ತು.
ಮಂಗಳವಾರ ಮಧ್ಯಾಹ್ನ ಊಟಕ್ಕೆ ಹೊರಟವನು
ನಾನೇ ಎಳೆದೆ. ಬೇರೆ ಯಾರೂ ಅಲ್ಲ.

ಕೂಗಿದ್ದು ಒಂದೇ ಸಲ.
ಎತ್ತುವಷ್ಟರಲ್ಲಿ ಬೂತಾಯಿ ಒಳಗೆ ನುಗ್ಗಿ
ಮಿಷನ್ನಿನ ಪೆಡಲಿನ ಹಿಂದೆ ಸೇರಿಕೊಂಡಿತು.
ನೆಲದಲ್ಲಿ ರಕ್ತವಿಲ್ಲ. ನೂಲಿನ ಚೂರುಗಳ ನಡುವೆ
ಒಂದಿಷ್ಟು ರೋಮ ಮಾತ್ರ.
ಏನಾಗಲಿಲ್ಲ, ಹೆದರಿದೆ ಅಷ್ಟೆ, ಎಂದುಕೊಂಡೆ.
ಏನಾಗಲಿಲ್ಲ ಎಂಬುದು
ನಾವು ನಮಗೇ ಹೊಲಿದುಕೊಳ್ಳುವ ಸಡಿಲ ಅಂಗಿ.

ಸಂಜೆ ಬಂಗುಡೆಯ ತಲೆ ಇಟ್ಟೆ.
ಪೊಟ್ಟಣ ಬಿಚ್ಚುವ ಸದ್ದಿಗೇ
ಕಂಬದ ಹಾಗೆ ನಿಲ್ಲುತ್ತಿದ್ದ ಬಾಲ
ಏಳಲಿಲ್ಲ.
ಬೆಕ್ಕು ಮುಂದೆ ಬಂತು, ಬಾಲ ಹಿಂದಿನಿಂದ ಬಂತು,
ಹೆಮ್ಮಿಂಗು ಬಿಚ್ಚಿದ ಲಂಗದ ಅಂಚು
ಮೆಟ್ಟಿಲ ಮೇಲೆ ಎಳೆದುಕೊಂಡು ಬರುವ ಹಾಗೆ.
ಬುಡ ಮುಟ್ಟಿದೆ, ಬುಸ್ಸೆಂದು ಕಚ್ಚಿತು.
ತುದಿ ಮುಟ್ಟಿದೆ. ತಣ್ಣಗಿತ್ತು. ಅದು ಬೇರೆ ಯಾರದ್ದೋ
ಎಂಬಂತೆ ಗೋಡೆ ನೋಡುತ್ತ ಕೂತಿತು.

ಡ್ರಾಯರಿನಲ್ಲಿ ಜ್ವರದ ಮಾತ್ರೆ ಇತ್ತು.
ಕಾಲು ಭಾಗ ಮುರಿದು ಹಾಲಿಗೆ ಕಲಸಿಯೂ ಆಗಿತ್ತು.
ರಿಕ್ಷಾದ ಮೊಯಿದಿನಬ್ಬ ಬಾಗಿಲಲ್ಲಿ ನಿಂತು ಗದರಿದ:
"ಎಂತ ಮಾರಾಯ, ಕೊಲ್ಲುತ್ತೀಯಾ ಅದನ್ನು?
ನನ್ನ ತಂಗಿಯ ಬೆಕ್ಕು ಹೋದದ್ದು ಅದೇ ಗುಳಿಗೆಯಿಂದ."
ಹಾಲು ಚರಂಡಿಗೆ ಹೋಯಿತು.

ರಟ್ಟಿನ ಪೆಟ್ಟಿಗೆಗೆ ಟವೆಲು ಹಾಸಿ,
ಬಾಲಕ್ಕೆ ಕೈ ತಾಗಿಸದೆ ಮಲಗಿಸಿ ಹೊರಟೆವು.
ಮೋರ್ಗನ್ಸ್ ಗೇಟಿನ ಹೊಂಡಗಳಲ್ಲಿ
ಮೊಯಿದಿನಬ್ಬ ಬಿಟ್ಟದ್ದು, ತುಂಬಿದ ಬಸುರಿಯನ್ನು ಒಯ್ಯುವ ಹಾಗೆ.

ಡಾಕ್ಟರ್ ಫ್ಲೋಸಿ ರೆಬೆಲ್ಲೊ ಮೊದಲು ಬಾಲ ನೋಡಲೇ ಇಲ್ಲ.
"ಮೂತ್ರ ಮಾಡಿದೆಯಾ?" ಅಂದರು.
ಇಪ್ಪತ್ತೆಂಟು ವರ್ಷ ಊರವರ
ಸೊಂಟ, ತೋಳು, ಎದೆ ಅಳೆದವನಿಗೆ
ದಿನಾ ಕಾಲಡಿಯಲ್ಲಿ ಮಲಗುವುದರ ಬಗ್ಗೆ
ಅಷ್ಟೂ ಗೊತ್ತಿರಲಿಲ್ಲ.
"ಬಾಲ ಹೋದರೆ ಹೋಗಲಿ. ಬುಡದ ನರ ಎಳೆದುಹೋದರೆ
ಕಷ್ಟ. ಉಚ್ಚೆ ಹಿಡಿಯುವುದು, ಬಿಡುವುದು
ಎಲ್ಲ ಅಲ್ಲಿಯದೇ ನರಗಳು."
ಎಕ್ಸ್‌ರೇಯಲ್ಲಿ ದಾರ ತುಂಡಾದ ಮಣಿಸರ,
ಎರಡು ಮಣಿಗಳ ನಡುವೆ ಖಾಲಿ ಜಾಗ.

ನನ್ನ ಕೈ ಹಿಡಿದು ಅದರ ಕಿಬ್ಬೊಟ್ಟೆಗೆ ಇಟ್ಟರು.
ನಿಂಬೆಹಣ್ಣಿನಷ್ಟು, ಬಿಗಿ. "ಒತ್ತಿ. ಇನ್ನೂ ಮೆತ್ತಗೆ.
ಟೈಲರಲ್ಲವಾ ನೀವು? ರೇಷ್ಮೆ ಅಂದುಕೊಳ್ಳಿ."
ದಿನಕ್ಕೆ ಮೂರು ಸಲ ಒತ್ತಿದೆ.
ಬುಧ, ಗುರು, ಶುಕ್ರ. ಭಾನುವಾರವೂ.
ರವಿಕೆಗೆ ಬಂದವರು ವಾಪಸು ಹೋದರು.
ರಾತ್ರಿ ನನ್ನ ಬೆರಳುಗಳಿಗೆ ಆ ನಿಂಬೆಹಣ್ಣಿನದ್ದೇ ಕನಸು.

ಒಂಬತ್ತನೇ ಬೆಳಿಗ್ಗೆ
ಸಿಪ್ರಿಯನ್ನನ ಮದುವೆ ಕೋಟಿನ ಅಸ್ತರು,
ತಿಳಿನೀಲಿ ಸ್ಯಾಟಿನ್ನು, ಮೇಜಿನ ಕೆಳಗೆ ಜಾರಿತ್ತು.
ನಟ್ಟನಡುವೆ ಅಂಗೈಯಗಲ ಒದ್ದೆ.
ಮೂಸಿ ನೋಡಿದೆ. ಹೌದು.
ರಸ್ತೆಯಾಚೆಯಿಂದ ಮೊಯಿದಿನಬ್ಬನನ್ನು ಕೂಗಿ ಕರೆದೆ.
ಐವತ್ತು ದಾಟಿದ ಇಬ್ಬರು ಗಂಡಸರು
ಬೆಕ್ಕಿನ ಉಚ್ಚೆಯ ಎದುರು ಕುಕ್ಕರಗಾಲಲ್ಲಿ ಕೂತು
ನಗುತ್ತಿದ್ದೆವು.

ಬಾಲ ಉಳಿಯಲಿಲ್ಲ. ಒಣಗುತ್ತ ಬಂದದ್ದನ್ನು
ಎರಡು ಬೆರಳಗಲ ಬಿಟ್ಟು ಕತ್ತರಿಸಿದರು.
ಹೊಲಿಗೆ ನೋಡಿದೆ: ಐದು ಟಾಕು, ಒಂದು ವಕ್ರ.
ಏನೂ ಹೇಳಲಿಲ್ಲ.
ಮೊದಮೊದಲು ಕಪಾಟಿಗೆ ಹಾರಿ, ತಪ್ಪಿ, ಬಿದ್ದು,
ಯಾರೂ ನೋಡಲಿಲ್ಲ ಎಂಬಂತೆ ಕಾಲು ನೆಕ್ಕುತ್ತಿತ್ತು.
ನಾನೂ ನೋಡುತ್ತಿರಲಿಲ್ಲ.
ಈಗ ಬಂಗುಡೆಯ ಪೊಟ್ಟಣಕ್ಕೆ
ಆ ಎರಡು ಬೆರಳಗಲವೇ ನೆಟ್ಟಗಾಗುತ್ತದೆ.

ಶಟರಿಗೆ ಎಣ್ಣೆ ಹಾಕಿದ್ದೇನೆ. ಆದರೂ
ಗಜಕೋಲಿನಿಂದ ಮೂರು ಸಲ ಬಡಿದು
ಮೊಣಕಾಲೂರಿ, ತಲೆ ನೆಲಕ್ಕಿಟ್ಟು ನೋಡುತ್ತೇನೆ.
"ಎಂತ ಹುಡುಕುವುದು?" ಕೇಳುತ್ತಾರೆ ಹೋಗುವವರು.
ಸೂಜಿ, ಅನ್ನುತ್ತೇನೆ.