ನಂತರ ನೆನಪಿಸು

ಔಲುವಿನಲ್ಲಿ ಫೆಬ್ರವರಿ. ಕಡಲು ಗಟ್ಟಿಯಾಗಿದೆ.
ದಿನಾ ಬೆಳಗ್ಗೆ ಅಣ್ಣ ಅರ್ಮಾಸ್ ಡ್ರಿಲ್ ಹೊತ್ತು ಹೋಗುತ್ತಾನೆ,
ದ್ವೀಪದ ದಾರಿಯಲ್ಲಿ ಮಂಜುಗಡ್ಡೆ ಎಷ್ಟು ದಪ್ಪವೆಂದು ಅಳೆಯಲು.
ತೂತು ಕೊರೆಯದೆ ಗಟ್ಟಿಯೋ ಟೊಳ್ಳೋ ತಿಳಿಯೋದಿಲ್ಲ
ಎನ್ನುತ್ತಾನೆ, ಮೀಸೆಯ ಹಿಮ ಒರೆಸಿಕೊಳ್ಳುತ್ತ.

ನನ್ನದೂ ಅದೇ ಕಸುಬು, ಬೆಚ್ಚಗಿನ ನೆಲಮಾಳಿಗೆಯಲ್ಲಿ.
ಬ್ರೌಸರಿಗೆ ರಾತ್ರಿಯಿಡೀ ಕಸ ಉಣಿಸುತ್ತೇನೆ:
ಮುರಿದ ಚಿತ್ರ, ಬಾಲವಿಲ್ಲದ ಟ್ಯಾಗು,
ಸೊನ್ನೆಗಿಂತ ಕಿರಿದಾದ ಅಗಲ.
ನುಂಗಿತು, ನುಂಗಿತು; ಒಂಬತ್ತನೆಯ ರಾತ್ರಿ
ಮೂರು ಹದಿನೇಳಕ್ಕೆ
ಕೆಮ್ಮಿತು.

ಹುಡುಕಿದರೆ ಇಷ್ಟೇ.
ಹನ್ನೊಂದು ವರ್ಷದ ಹಿಂದೆ ಯಾರೋ ಬರೆದ ಸಾಲು.
ಖಾಲಿ ಮಾಡಿ ಒಪ್ಪಿಸಿದ ಕೋಣೆ,
ಬೀಗದ ಕೈ ಮಾತ್ರ ಇನ್ನೂ ಹಳೆಯ ಬಾಡಿಗೆಯವನ ಜೇಬಲ್ಲಿ.
ಹೊಸಬರು ಬಂದು ಮಂಚ ಹಾಕಿ ಮಲಗಿದ್ದಾರೆ,
ಇವನು ತನ್ನ ಮನೆಯೆಂದೇ ಬಾಗಿಲು ತೆರೆಯುತ್ತಾನೆ.
ಕೆಟ್ಟವನೇನಲ್ಲ. ಮರೆವು.
ಕೆಟ್ಟವರಿಗೆ ಅಷ್ಟು ಸಾಕು.

ಬರೆದವನ ಹೆಸರು ನೋಡಿದೆ. ನೋಡಬಾರದಿತ್ತು.
ಕ್ಯೋಸ್ತಿ. ನನಗೆ ಕೆಲಸ ಕಲಿಸಿದವನು.
ಅಕ್ಟೋಬರಿನಲ್ಲಿ ಅವನನ್ನು ಮಣ್ಣಿಗಿಳಿಸುವಾಗ
ಪಟ್ಟಿಯ ಒಂದು ತುದಿ ನನ್ನ ಕೈಯಲ್ಲಿತ್ತು.
ಸಾಲಿನ ಪಕ್ಕದಲ್ಲೇ ಅವನದೊಂದು ಟಿಪ್ಪಣಿ:
'ಇದನ್ನು ಆಮೇಲೆ ಇನ್ನೊಮ್ಮೆ ನೋಡಬೇಕು.'

ನೋಡಿದೆ, ಕ್ಯೋಸ್ತಿ.
ಮೂರು ಸಾಲು ತಿದ್ದಿದೆ.
ಕೋಣೆ ಬಿಡುವವನು ಬೀಗದ ಕೈಯನ್ನೂ ಬಿಟ್ಟೇ ಹೋಗಬೇಕು.

ಬಿಡುಗಡೆಯ ಪಟ್ಟಿಯಲ್ಲಿ ಎರಡೇ ಪದ: 'ಭದ್ರತಾ ಸುಧಾರಣೆಗಳು.'
ಅವನಿಲ್ಲ ಅಲ್ಲಿ, ಆ ಒಂಬತ್ತು ರಾತ್ರಿಗಳಿಲ್ಲ.
ಬಿರುಕು ಎಲ್ಲಿತ್ತೆಂದೂ ಇಲ್ಲ;
ಮಂದಿಯೆಲ್ಲ ದಾಟುವ ತನಕ ಬಾಯಿ ಬಿಡುವಂತಿಲ್ಲ.

ಭಾನುವಾರ ಅಣ್ಣನ ಮನೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಕಿತ್ತಳೆ ಚುಕ್ಕೆ.
'ನಂತರ ನೆನಪಿಸು' ಒತ್ತಿ ಒತ್ತಿ ಹದಿನಾರು ದಿನ.
"ಏನಿರುತ್ತೆ ಅದರಲ್ಲಿ? ಗುಂಡಿಯ ಜಾಗ ಬದಲಿಸಿರ್ತಾರೆ."
ಮೊನ್ನೆ ದಾರಿಗೆ ಅಡ್ಡ ಹಗ್ಗ ಕಟ್ಟಿದೆಯಲ್ಲ,
ಯಾರಾದರೂ ಕಾರಣ ಕೇಳಿದರಾ?
"ಇಬ್ಬರು. ಹಾಲಿನ ಲಾರಿಯವನು, ಮತ್ತೊಬ್ಬ ಮದುಮಗ."
ಏನಂದೆ?
"ನಿಲ್ಲಿ ಅಂದೆ. ನಿಂತರು."

ಕಾಫಿ ಬಗ್ಗಿಸಿದ. ಏಲಕ್ಕಿ ಬನ್ನು ಮುರಿದ.
ನನ್ನ ಮುಖ ನೋಡದೆ, ಎಡಗೈಯ ಕಿರುಬೆರಳಿನಿಂದ
ಒತ್ತಿದ.

ಪರದೆ ಕತ್ತಲಾಯಿತು. ಮುಚ್ಚಿದ ಹನ್ನೆರಡು ಟ್ಯಾಬುಗಳೂ
ಮತ್ತೆ ತೆರೆದವು: ಹವಾಮಾನ, ಹಳೆ ದೋಣಿಯ ಬೆಲೆ,
ಹಿಲ್ಕಾಳಿಗೆ ಅರ್ಧ ಬರೆದ ಪತ್ರ
(ನಾನು ಓದಲಿಲ್ಲ).
"ನೋಡಿದೆಯಾ," ಎಂದ, "ಏನೂ ಬದಲಾಗಿಲ್ಲ."

ಹೌದು ಎಂದೆ.
ಇನ್ನೊಂದು ಬನ್ನು ತೆಗೆದುಕೊಂಡೆ.