ಹುಣಸೆ ಹಾಕಿದ ಕೇಕು

ರಾಯಲ್ಪಾಡಿನ ಮೂರು ಅಂಗಡಿಯಲ್ಲೂ ಇಲ್ಲ.
'ಬೇಕಿಂಗ್ ಪೌಡರ್ರಾ? ಮುಖದ ಪೌಡರ್ ಇದೆ ಮಿಸ್ಸೇ'
ಅಂದ ಚೌಡರೆಡ್ಡಿ, ನಗದೆ.
ಶ್ರೀನಿವಾಸಪುರದ ಬಸ್ಸು ಹೋಗಿ ಹತ್ತು ನಿಮಿಷ.
ಅಡುಗೆ ಸೋಡಾ ಕೊಟ್ಟ, ಬೋಂಡಾದ ಲೆಕ್ಕದಲ್ಲಿ,
ಪೇಪರಿನಲ್ಲಿ ಮಡಿಸಿ.

ಎಂಟನೇ ಕ್ಲಾಸಿಗೆ ಮಾತು ಕೊಟ್ಟಿದ್ದೆ:
ಆಮ್ಲ, ಪ್ರತ್ಯಾಮ್ಲ ಮುಗಿದ ದಿನ ಕೇಕು.
ಮುಗಿದದ್ದು ಮಾರ್ಚಿ ಇಪ್ಪತ್ತೆರಡಕ್ಕೆ.
ಮೂವತ್ತೊಂದಕ್ಕೆ ನಾನೂ ಮುಗಿಯುತ್ತೇನೆ,
ಆದೇಶದ ಪ್ರತಿಯಲ್ಲಿ ಹಾಗೇ ಇದೆ:
ಖಾಯಂ ಶಿಕ್ಷಕರು ಬರುವವರೆಗೆ
ಅಥವಾ ವರ್ಷದ ಕೊನೆಯವರೆಗೆ,
ಯಾವುದು ಮೊದಲೋ ಅದು.
ಮಕ್ಕಳ ಬಾಯಲ್ಲಿ ನಾನು ಗೆಸ್ಟ್ ಮಿಸ್ಸು.
ನೆಂಟಳಾಗಿ ಎಂಟು ತಿಂಗಳು.

ಅಳತೆ ಬರೆದುಕೊಂಡಿದ್ದ ಚೀಟಿಯನ್ನು
ಸಾಲುಸಾಲಾಗಿ ಹೊಡೆದು ತಿದ್ದಿದೆವು.
ಓವನ್ನಿಗೆ ಬಿಸಿಯೂಟದ ಮುನಿರತ್ನಮ್ಮನ ಕುಕ್ಕರು,
ವಿಷಲ್ ತೆಗೆದು, ಗ್ಯಾಸ್ಕೆಟ್ ತೆಗೆದು, ತಳಕ್ಕೆ ಎರಡು ಹಿಡಿ ಮರಳು.
ಬೆಣ್ಣೆಗೆ ಕಡಲೆಕಾಯಿ ಎಣ್ಣೆ.
ಮೊಟ್ಟೆಗೆ ಬಾಳೆಹಣ್ಣು.
ಇದನ್ನು ಯಾರಿಗೂ ಹೇಳಿಕೊಡಬೇಕಿರಲಿಲ್ಲ:
ಊಟದ ಸಾಲಿನಲ್ಲಿ ಮೊಟ್ಟೆ ಬೇಡವೆಂದವರ ಕೈಗೆ
ಅದೇ ತಾನೆ ಬರುವುದು.
ಮೈದಾ ಸಾಲದ್ದಕ್ಕೆ ಅಮ್ರೀನ್ ಮನೆಯ ರಾಗಿ ಹಿಟ್ಟು,
ಎರಡು ಸಲ ಜರಡಿ ಹಿಡಿದದ್ದು.
ಸಕ್ಕರೆ ಮಾತ್ರ ಸಕ್ಕರೆಯೇ.
ಒಂದಾದರೂ ಇರಲಿ ಅಂತ.

ಉಳಿದದ್ದು ಉಬ್ಬುವ ಮಾತು.
ಸೋಡಾ ಒಂಟಿಯಾದರೆ ಸೋಪಿನ ರುಚಿ,
ಎದುರು ನಿಲ್ಲಲು ಒಂದು ಹುಳಿ ಬೇಕು.
ನಿಂಬೆ ಒಣಗಿ ಗೋಲಿಯಾಗಿತ್ತು.
ಮೊಸರು ಬೆಳಿಗ್ಗೆಯೇ ಅನ್ನಕ್ಕೆ ಬಿದ್ದಿತ್ತು.
ಮುನಿಕೃಷ್ಣ ಚಡ್ಡಿ ಜೇಬಿಂದ ಮಾವಿನ ಮಿಡಿ ತೆಗೆದ,
ಯಾರ ತೋಟದ್ದೋ ಕೇಳಲಿಲ್ಲ. ಕಚ್ಚಿ ನೋಡಿದೆ, ಬರೀ ಒಗರು.

'ಚಿಂತಪಂಡು ಹಾಕಿ' ಅಂದಳು ಮುನಿರತ್ನಮ್ಮ.
ನನ್ನ ಕಿವಿಗೆ ಬಿದ್ದದ್ದು ಕನ್ನಡದ ಚಿಂತೆ.
'ಸಾರಲ್ಲ ಕಣಮ್ಮ, ಕೇಕು' ಅಂದೆ.
'ಹುಳಿಗೇನ್ ಗೊತ್ತು' ಅಂದಳು.

ಈ ವರ್ಷದ ಹುಣಸೆ, ಇನ್ನೂ ಕಪ್ಪಾಗದ್ದು.
ನೆಲ್ಲಿಕಾಯಿ ಗಾತ್ರ, ಬಿಸಿನೀರಲ್ಲಿ ಕಿವುಚಿ,
ಚಾಕ್‌ಪೀಸಿನ ಬೆರಳಲ್ಲೇ ನಾರು ಸೋಸುವಾಗ
ತಟ್ಟನೆ ನೆನಪಾಯಿತು ಕೋಲಾರದ ಕಾಲೇಜಿನ ಲ್ಯಾಬು,
ಕಂದು ಸೀಸೆ, ಅದರ ಮೇಲಿನ ಹೆಸರು: ಟಾರ್ಟಾರಿಕ್.
ಮೊದಮೊದಲ ಪೌಡರ್ ಡಬ್ಬಗಳಲ್ಲಿ
ಸೋಡಾಗೆ ಜೊತೆಯಾಗಿ ಕೂತ ಹುಳಿ
ಇದರ ಬಳಗದ್ದೇ.
ಆಟದ ಬಯಲಿನ ಅಂಚಿನ ಈ ಮರ
ಯಾರ ಆದೇಶವೂ ಇಲ್ಲದೆ
ಅಷ್ಟು ಎತ್ತರದಲ್ಲಿ ಅದನ್ನು ಕಾಯಿಸುತ್ತಾ ನಿಂತಿತ್ತು.

ಆದರೂ ಮಕ್ಕಳಿಗೆ ಸುಳ್ಳು ಹೇಳಬಾರದು.
ಡಬ್ಬದ ಪುಡಿಗೆ ಎರಡು ಉಸಿರು:
ಹಸಿ ತಾಗಿದಾಗ ಒಂದು, ಬಿಸಿ ತಾಗಿದಾಗ ಇನ್ನೊಂದು.
ಕಲಸಿಟ್ಟು ಕಾಯಬಹುದು, ಸ್ಟಾಫ್ ರೂಮಿನಲ್ಲಿ ಹರಟಬಹುದು,
ಪಿಂಚಣಿ ಇರುವವರ ಹಾಗೆ.
ನಮ್ಮದಕ್ಕೆ ಒಂದೇ.
ಹುಳಿ ಸೋಡಾ ಮುಟ್ಟಿದ ಗಳಿಗೆಯಿಂದ ಲೆಕ್ಕ ಶುರು,
ಬುರುಬುರು ಅಂದಷ್ಟೇ ಆಯುಷ್ಯ.
'ಓಡ್ರೋ!' ಅಂದೆ.
ಇಪ್ಪತ್ತಾರು ಮಕ್ಕಳು ಒಂದು ಪಾತ್ರೆಯ ಸುತ್ತ
ಕ್ಲಾಸಿಂದ ಅಡುಗೆಕೋಣೆಗೆ, ಗುಳ್ಳೆ ಸಾಯುವ ಮುಂಚೆ,
ಒಬ್ಬನ ಚಪ್ಪಲಿ ಇನ್ನೂ ಬಾಗಿಲಲ್ಲೇ.

ಒಂದು ಪೀರಿಯಡ್ಡು ಕಳೆಯಿತು. ಕಡ್ಡಿ ಚುಚ್ಚಿದರೆ ಒದ್ದೆ.
ಇನ್ನರ್ಧ ಪೀರಿಯಡ್ಡು ಕನ್ನಡ ಮೇಷ್ಟ್ರ ಹತ್ತಿರ ಸಾಲ.

ಬಂದದ್ದು ಕಂದು. ನಡುವೆ ಬಿರುಕು.
ಒಂದು ಮಗ್ಗುಲು ಎತ್ತರ, ಇನ್ನೊಂದು ತಗ್ಗು,
ತಳ ಐದು ರೂಪಾಯಿ ನಾಣ್ಯದಗಲ ಸೀದು.
ಚರಣ್ ಸ್ಕೇಲಿಟ್ಟು ಅಳೆದ:
'ನಾಲ್ಕೂವರೆ ಸೆಂಟಿಮೀಟರ್, ಮಿಸ್,
ಎತ್ತರದ ಕಡೆ.'
ಪ್ರಯೋಗದ ಪುಸ್ತಕದಲ್ಲಿ ಬರೆದುಕೊಂಡರು.
ಹುಳಿಯ ಸುಳಿವೇ ಇಲ್ಲ, ಎಲ್ಲ ಗುಳ್ಳೆಯಾಗಿ ಹೋಗಿತ್ತು.
ಮುನಿರತ್ನಮ್ಮ ಒಂದು ತುಂಡು ಬಾಯಿಗಿಟ್ಟು
ಬಹಳ ಹೊತ್ತು ಅಗಿದು
'ಒಂದ್ ಹರಳು ಉಪ್ಪು ಬೇಕಿತ್ತು' ಅಂದಳು.
ಮರಳು ಕೊಡವಿ ಕುಕ್ಕರಿಗೆ ಗ್ಯಾಸ್ಕೆಟ್ ಹಾಕಿದಳು.
ನಾಳೆಗೆ ಬೇಳೆ ಬೇಯಬೇಕು.

ಉಳಿದ ಸೋಡಾವನ್ನು ಲ್ಯಾಬಿನ ಬೀರುವಿನಲ್ಲಿಟ್ಟು
ಚೀಟಿ ಅಂಟಿಸಿದೆ, ಜೂನಿಗೆ ಬರುವವರಿಗೆ:
ಒಂಟಿಯಾಗಿ ಬಳಸಬೇಡಿ.
ಹುಳಿ ಹೊರಗಿದೆ, ಮರದಲ್ಲಿ.