ಬೇಕು, ಬೇಡ, ಬೇಗ

ರಾತ್ರಿ ಹನ್ನೊಂದರೊಳಗೆ ಹೇಳಬೇಕಂತೆ.
ನವಾಫ್ ದೇರಾದ ಒಂದು ಅಂಗಡಿಯಲ್ಲಿ ನಿಂತಿದ್ದಾನೆ,
ನಾಡಿದ್ದು ಬಜ್ಪೆಯಲ್ಲಿ ಇಳಿಯುತ್ತಾನೆ.
"ವಾರಿಜಕ್ಕಾ, ಊರಲ್ಲಿ ಇದಕ್ಕೆ ಹದಿನೈದು ಸಾವಿರ ಹೆಚ್ಚು,
ಯೋಚನೆ ಮಾಡಬೇಡಿ" ಎಂದ.
ಹಾಗೆ ಹೇಳಿದವರಿಂದಲೇ
ನನಗೆ ಯೋಚನೆ ಹತ್ತುವುದು.

ಎಂಬತ್ತೆರಡು ಸಾವಿರ.
ಬಂದ್ಯೋಡಿನ ಬೇಕರಿಯ ಮಹಡಿಯಲ್ಲಿ ನನ್ನ ಅಕ್ಷಯ ಕೇಂದ್ರ,
ಪುಟವೊಂದರ ಸ್ಕ್ಯಾನಿಗೆ ಐದು ರೂಪಾಯಿ.
ಅಂದರೆ ಹದಿನಾರು ಸಾವಿರದ ನಾನೂರು ಪುಟ:
ರೇಷನ್ ಕಾರ್ಡು, ಭೂತೆರಿಗೆಯ ರಶೀದಿ,
ಮಲಯಾಳದಲ್ಲಿ ಬಂದು ಕನ್ನಡದಲ್ಲಿ ಕೇಳಿಸಿಕೊಂಡು
ಮತ್ತೆ ಮಲಯಾಳಕ್ಕೇ ಹೋಗುವ ಅರ್ಜಿಗಳು.
ಒಂದರ ಮೇಲೊಂದು ಪೇರಿಸಿದರೆ ನೆಲದಿಂದ ನನ್ನ ನೆತ್ತಿಗೆ ಬರುತ್ತದೆ.
ಒಂದು ಫೋನು,
ನನ್ನಷ್ಟೇ ಎತ್ತರ.

ಹಳೆಯದಕ್ಕೆ ಐದು ವರ್ಷ ತುಂಬಿತು.
ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ
ಪರದೆಯ ನಡುವೆ ಒಂದು ಹಸಿರು ಗೆರೆ,
ಮೇಲಿನಿಂದ ಕೆಳತನಕ, ನೂಲು ಹಿಡಿದು ಎಳೆದ ಹಾಗೆ.
ಪೆನ್ಷನ್ ಆದ ಶ್ರೀಪತಿ ಮಾಷ್ಟ್ರು ಕನ್ನಡಕ ಏರಿಸಿ ನೋಡಿ
"ಗಡಿರೇಖೆ!" ಎಂದು ಉಸಿರೆಳೆದುಕೊಂಡರು.
ಕಿಸೆಯಿಂದ ಪೆನ್ನು ಆಗಲೇ ಹೊರಗೆ ಬಂದಿತ್ತು.
ಗಡಿಯಲ್ಲ ಮಾಷ್ಟ್ರೇ, ಡಿಸ್‌ಪ್ಲೇ ಹೋಗಿದೆ, ಅಷ್ಟೆ.
ಗೆರೆಯ ಮೇಲೆ ಬೆರಳೊತ್ತಿದರೆ
ಒಳಗೆ ಯಾರೂ ಓಗೊಡುವುದಿಲ್ಲ.

ಹೊಸದು ಚಂದ್ರನ ಗುಳಿಗಳನ್ನು ಎಣಿಸಿ ಕೊಡುತ್ತದಂತೆ.
ಚಂದ್ರ ಇಷ್ಟರವರೆಗೆ ನನ್ನಲ್ಲಿ ಒಂದು ಅರ್ಜಿಯೂ ಹಾಕಿದವನಲ್ಲ.
ಕತ್ತಲೆಯಲ್ಲೂ ಮುಖ ಗುರುತಿಸುತ್ತದಂತೆ.
ಒದ್ದೆ ಬೆರಳಿಗೂ ತೆರೆದುಕೊಳ್ಳುತ್ತದಂತೆ.
ಇದನ್ನೋದುವಾಗ ಮಾತ್ರ ಕೈ ನಿಂತಿತು.

ಮಸ್ಟರಿಂಗಿಗೆ ದೇಯಿ ಬರುತ್ತಾಳೆ.
ನಲವತ್ತು ವರ್ಷ ಬೀಡಿ ಸುತ್ತಿದ ಹೆಬ್ಬೆರಳು;
ಎಲೆ ಮಡಚಿ ಮಡಚಿ ಗೆರೆಯೆಲ್ಲ
ಎಲೆಯೊಟ್ಟಿಗೆ ಹೋಗಿದೆ, ಯಾರೋ ಸೇದಿ ಬಿಸಾಡಿದ್ದಾರೆ.
ಯಂತ್ರ ಕೆಂಪಾಗುತ್ತದೆ.
ಸೆರಗಿಗೆ ಒರೆಸಿದರೂ ಕೆಂಪು.
ತೆಂಗಿನೆಣ್ಣೆ ಸವರಿದರೂ.
"ಉಂದು ಎನ್ನ ಕೈಯೇ ಅತ್ತಾ?" ಎಂದು ನನ್ನನ್ನೇ ಕೇಳುತ್ತಾಳೆ.
ನಿನ್ನದೇ ದೇಯೀ, ನನಗೆ ಗೊತ್ತುಂಟು,
ನನಗೆ ಗೊತ್ತಿದ್ದರೆ ದುಡ್ಡು ಬರುವುದಿಲ್ಲ.
ಹನ್ನೊಂದನೆಯ ಸಲಕ್ಕೆ ಹಸಿರು.
ಯಾಕೆಂದು ಯಂತ್ರವೂ ಹೇಳಲಿಲ್ಲ.

ನವಾಫನನ್ನು ಕೇಳಿದೆ:
ಸವೆದ ಬೆರಳಿಗೂ ತೆರೆಯುತ್ತದಾ ಕೇಳು.
ಅವನು ಅಂಗಡಿಯವನನ್ನು ಕೇಳಿದ,
ಅಂಗಡಿಯವನು ಪೆಟ್ಟಿಗೆ ಮಗುಚಿ ಮಗುಚಿ ಓದಿದ.
"ಅದು ಬರೆದಿಲ್ಲ ಅಕ್ಕಾ.
ನೀರಿನೊಳಗೆ ಅರ್ಧ ಗಂಟೆ ಇರುತ್ತದೆಂದು ಬರೆದಿದೆ."
ನೀರಿನೊಳಗೆ ಅರ್ಧ ಗಂಟೆ
ನಾನು ಏನು ಮಾಡಲಿ?

ಆಸೆಯಿಲ್ಲವೆಂದರೆ ಸುಳ್ಳು.
ಕಳೆದ ವಾರ ತಪಾಸಣೆಗೆ ಬಂದವರು ಅದೇ ಫೋನನ್ನು
ನನ್ನ ಮೇಜಿನಲ್ಲಿ ಕವುಚಿ ಹಾಕಿ ಚಹಾ ಕುಡಿಯಲು ಕೆಳಗೆ ಹೋಗಿದ್ದರು.
ಎತ್ತಿ ನೋಡಿದೆ. ತಣ್ಣಗಿತ್ತು,
ಈಗಷ್ಟೇ ಹೊಳೆಯಿಂದ ಹೆಕ್ಕಿದ ಕಲ್ಲಿನಂತೆ.
ಕಪ್ಪು ಗಾಜಿನಲ್ಲಿ ನನ್ನ ಮುಖ, ನಡುವೆ ಗೆರೆಯಿಲ್ಲದೆ.
ಮೆಟ್ಟಿಲಲ್ಲಿ ಸದ್ದಾಯಿತು, ಇಟ್ಟುಬಿಟ್ಟೆ.
ಆಮೇಲೆ ಸೆರಗಿನಿಂದ ಬೆರಳಚ್ಚು ಒರೆಸಿದೆ,
ಏನೋ ಕದ್ದವಳ ಹಾಗೆ.

ಹತ್ತೂ ಮುಕ್ಕಾಲು.
'ಬೇ' ಎಂದು ಒತ್ತಿದೆ.
ಹಳೆಯದು, ಪಾಪ, ಮೂರು ಪದ ತಂದು ಮುಂದಿಟ್ಟಿತು:
ಬೇಕು, ಬೇಡ, ಬೇಗ.
'ಬೇಡ' ಸರಿಯಾಗಿ ಗೆರೆಯ ಮೇಲೆ.
ಒತ್ತಿದೆ. ಉಗುರಿನಿಂದ ಒತ್ತಿದೆ.
ತನ್ನನ್ನು ಉಳಿಸುವ ಒಂದು ಪದ
ಅದರ ಬಾಯಲ್ಲೇ ಹೊರಡುವುದಿಲ್ಲ.

ಹೇಳಿಯೇ ಬಿಡುವ ಎಂದು ಮೈಕು ಹಿಡಿದುಕೊಂಡೆ.
ಕೆಳಗೆ ಆರು ಪಥದ ರಸ್ತೆಯಲ್ಲಿ ಮೀನಿನ ಲಾರಿ ಹೋಯಿತು,
ಫ್ಯಾನು ಒಂದೆರಡು ಸಲ ಕಟಕಟ ಎಂದಿತು,
ನನ್ನ ಬಾಯಿ ತೆರೆದೇ ಇತ್ತು.
ಹೆಬ್ಬೆರಳು ಜಾರಿತು. ಏಳು ಸೆಕೆಂಡು, ಹೋಗಿಯೇಬಿಟ್ಟಿತು.

ಎರಡು ನೀಲಿ ಗೀಟು.
ಅವನು ಎರಡು ಸಲ ಕೇಳಿರಬೇಕು, ತಡವಾಯಿತು.
ಆಮೇಲೆ ಬಂತು:
"ಸರಿ ಅಕ್ಕಾ."

ಏನು ಸರಿ ಎಂದು
ನಾನು ಕೇಳಲಿಲ್ಲ.
ಚಾರ್ಜಿಗೆ ಹಾಕಿ ಮಲಗಿದೆ.